ಕಾವಸ್‌ಜಿ

ಕಾವಸ್‌ಜಿ 18ನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಎತ್ತಿನ ಬಂಡಿಗಾರನಾಗಿ ದುಡಿದ ಒಬ್ಬ ಮರಾಠ ಒಕ್ಕಲಿಗ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಶ್ರೀರಂಗಪಟ್ಟಣದ ಸುತ್ತಿನ ಕಾರ್ಯಾಚರಣೆಯಲ್ಲಿ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ನಂತರ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬ ವ್ಯಕ್ತಿ ಈತನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ರೂಪಿಸಿದನು. ಈ ಶಸ್ತ್ರಚಿಕಿತ್ಸೆಯ ವಿವರವೂ ಕಾವಸ್‌ಜಿಯ ಭಾವಚಿತ್ರವೂ 1794ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಝೀನ್ ಪತ್ರಿಕೆಯಲ್ಲಿ ಪ್ರಕಟವಾದವು. ಆ ಲೇಖನವನ್ನು ಓದಿದ ಯುರೋಪಿನ ವೈದ್ಯರು ಅದೇ ವಿಧಾನವನ್ನು ಕೈಗೊಂಡರು. ಹೀಗಾಗಿ ಇಂದಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಕಾವಸ್‌ಜಿಯ ಹೆಸರು ಸ್ಥಿರವಾಗಿ ಉಳಿದಿದೆ. ಮಾನವ ಚರ್ಮವು ಹೇಗೆ ಜೀವಿಸುತ್ತದೆ, ಹೇಗೆ ಗಾಯವನ್ನು ಮಾಯಿಸಿಕೊಳ್ಳುತ್ತದೆ ಎಂಬುದನ್ನು ತಿಳಿಯಲು ಈತನ ಪ್ರಕರಣ ಇಂದಿಗೂ ಉಪಯುಕ್ತವಾದ ಉದಾಹರಣೆಯಾಗಿದೆ.

ಹಿನ್ನೆಲೆ ಮತ್ತು ವೃತ್ತಿ

ಲಂಡನ್ ಪತ್ರಿಕೆಯ ವರದಿಯು ಕಾವಸ್‌ಜಿಯನ್ನು ಬೇಸಾಯಗಾರ ಜಾತಿಯ ಮರಾಠನೆಂದು ಪರಿಚಯಿಸುತ್ತದೆ. ಹೆಸರಿನ ರೂಪವು ಪಾರ್ಸಿ ಹೆಸರನ್ನು ಹೋಲುವುದರಿಂದ ಈತನನ್ನು ಪಾರ್ಸಿ ಎಂದು ಭಾವಿಸುವುದುಂಟು. ಆದರೆ ಮೂಲ ವರದಿ ಹಾಗೆ ಹೇಳುವುದಿಲ್ಲ. ಈತ ಸೈನಿಕನಾಗಿರಲಿಲ್ಲ. ಸೇನೆಯ ಸರಕನ್ನು ಸಾಗಿಸುವ ಎತ್ತುಗಳನ್ನು ಹೊಡೆಯುವುದು ಈತನ ಕೆಲಸವಾಗಿತ್ತು.

ಆ ಕಾಲದ ಯುದ್ಧಗಳಲ್ಲಿ ಎತ್ತಿನ ಪಾತ್ರ ಬಹಳ ದೊಡ್ಡದು. ಕೋಟೆಯನ್ನು ಒಡೆಯುವ ಭಾರವಾದ ಫಿರಂಗಿಗಳು, ಮದ್ದುಗುಂಡುಗಳು, ಅಕ್ಕಿ, ಡೇರೆ ಮುಂತಾದ ಎಲ್ಲವೂ ಎತ್ತುಗಳ ಬಲದಿಂದಲೇ ಚಲಿಸಬೇಕಾಗಿತ್ತು. ಮೈಸೂರು ಸಂಸ್ಥಾನ ಇದನ್ನು ಚೆನ್ನಾಗಿ ಅರಿತಿತ್ತು. ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳ ವ್ಯವಸ್ಥೆಯನ್ನು ಹೈದರಾಲಿ ಮತ್ತು ಟಿಪ್ಪು ಸುಲ್ತಾನ್ ಬೆಳೆಸಿದರು. ಟಿಪ್ಪುವಿನ ಕಾಲದಲ್ಲಿ ಅದಕ್ಕೆ ಅಮೃತ ಮಹಲ್ ಎಂಬ ಹೆಸರು ಬಂದಿತು. ವೇಗವಾಗಿ ನಡೆಯುವ ಆ ತಳಿಯ ಎತ್ತುಗಳು ಮೈಸೂರಿನ ಸೈನ್ಯಕ್ಕೆ ಬಲವನ್ನು ನೀಡಿದ್ದವು. ಎದುರು ಪಕ್ಷವಾದ ಕಂಪನಿಯ ಸೈನ್ಯವು ಬಾಡಿಗೆಯ ಎತ್ತುಗಳನ್ನೂ ಲಂಬಾಣಿ ವ್ಯಾಪಾರಿಗಳ ಹೇರುಗಳನ್ನೂ ಕಾವಸ್‌ಜಿಯಂತಹ ಬಂಡಿಗಾರರನ್ನೂ ಅವಲಂಬಿಸಿತ್ತು. ಶತ್ರುವಿನ ಸರಬರಾಜನ್ನು ಕಡಿದುಹಾಕುವುದು ಯುದ್ಧತಂತ್ರದ ಮುಖ್ಯ ಭಾಗವಾಗಿದ್ದ ಕಾರಣ, ಆಯುಧವಿಲ್ಲದ ಈ ಜನರು ಸೈನಿಕರಷ್ಟೇ ಅಪಾಯಕ್ಕೆ ಒಳಗಾಗಿದ್ದರು.

ಮೂರನೆಯ ಮೈಸೂರು ಯುದ್ಧ

ಮೂರನೆಯ ಮೈಸೂರು ಯುದ್ಧ 1790ರಿಂದ 1792ರವರೆಗೆ ನಡೆಯಿತು. ಈಸ್ಟ್ ಇಂಡಿಯಾ ಕಂಪನಿ, ಮರಾಠರು ಮತ್ತು ಹೈದರಾಬಾದಿನ ನಿಜಾಮ ಒಂದಾಗಿ ಟಿಪ್ಪು ಸುಲ್ತಾನನ ವಿರುದ್ಧ ಹೋರಾಡಿದರು. ಉತ್ತರದಲ್ಲಿ ಪರಶುರಾಮ ಭಾವೂ ನಾಯಕತ್ವದ ಮರಾಠ ಸೈನ್ಯವು ಕಂಪನಿಯ ಒಂದು ಪಡೆಯೊಂದಿಗೆ ಧಾರವಾಡದ ಕೋಟೆಯನ್ನು ಮುತ್ತಿ, ತಿಂಗಳುಗಟ್ಟಲೆ ಹೋರಾಡಿ 1791ರ ಏಪ್ರಿಲ್ ತಿಂಗಳಲ್ಲಿ ವಶಪಡಿಸಿಕೊಂಡಿತು. ದಕ್ಷಿಣದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ 1791ರ ಮಾರ್ಚ್ ತಿಂಗಳಲ್ಲಿ ಬೆಂಗಳೂರನ್ನು ಹಿಡಿದು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಗೆ ಬಂದನು. ಆದರೆ ಮೇವಿಲ್ಲದೆ, ರೋಗದಿಂದ ಎತ್ತುಗಳು ರಾಶಿರಾಶಿಯಾಗಿ ಸತ್ತವು. ಎಳೆಯುವ ಎತ್ತುಗಳಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಕಾರ್ನ್‌ವಾಲಿಸ್ ಹಿಂದಿರುಗಬೇಕಾಯಿತು.

ಎರಡನೆಯ ಬಾರಿ, 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣವನ್ನು ಮತ್ತೆ ಮುತ್ತಲಾಯಿತು. ರಾಬರ್ಟ್ ಅಬರ್‌ಕ್ರಾಂಬಿಯ ನೇತೃತ್ವದ ಮುಂಬಯಿ ಸೈನ್ಯವು ಮಲಬಾರಿನಿಂದ ಕೊಡಗಿನ ಮಾರ್ಗವಾಗಿ ಬಂದು ಕಾರ್ನ್‌ವಾಲಿಸ್‌ನನ್ನು ಸೇರಿಕೊಂಡಿತು. ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ತನ್ನ ರಾಜ್ಯದ ಅರ್ಧದಷ್ಟನ್ನು ಬಿಟ್ಟುಕೊಟ್ಟನು. ಕಾವಸ್‌ಜಿಯ ಬದುಕು ತಿರುವು ಪಡೆದದ್ದು ಈ ಯುದ್ಧದಲ್ಲಿಯೇ.

ಸೆರೆ ಮತ್ತು ಅಂಗಚ್ಛೇದ

ವರದಿಯ ಪ್ರಕಾರ 1792ರ ಯುದ್ಧದಲ್ಲಿ ಕಾವಸ್‌ಜಿ ಟಿಪ್ಪುವಿನ ಸೆರೆಯಾಳಾದನು. ಅಲ್ಲಿ ಆತನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆ ಸ್ಥಿತಿಯಲ್ಲಿಯೇ ಶ್ರೀರಂಗಪಟ್ಟಣದ ಸಮೀಪದಲ್ಲಿದ್ದ ಮುಂಬಯಿ ಸೈನ್ಯವನ್ನು ಬಂದು ಸೇರಿದನು. ಈ ಘಟನೆಯನ್ನು ದಾಖಲಿಸಿರುವುದು ಟಿಪ್ಪುವಿನ ಎದುರಾಳಿಗಳಾದ ಇಂಗ್ಲಿಷರು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮೂಗು ಕೊಯ್ಯುವ ಕ್ರೌರ್ಯ ಒಬ್ಬ ಅರಸನಿಗೆ ಅಥವಾ ಒಂದು ಕಾಲಕ್ಕೆ ಸೀಮಿತವಾಗಿರಲಿಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರಿಗೂ ಮಧುರೆಗೂ ನಡೆದ ಯುದ್ಧದಲ್ಲಿ ಎರಡೂ ಪಕ್ಷದವರು ಸೆರೆಸಿಕ್ಕವರ ಮೂಗನ್ನು ಕತ್ತರಿಸಿದ್ದರಿಂದ ಅದಕ್ಕೆ ಮೂಗಿನ ಯುದ್ಧವೆಂಬ ಹೆಸರೇ ಬಂದಿದೆ. ಭಾರತದ ಅನೇಕ ಭಾಗಗಳಲ್ಲಿ ಕಳ್ಳತನಕ್ಕೂ ವ್ಯಭಿಚಾರದ ಆರೋಪಕ್ಕೂ ಇದೇ ಶಿಕ್ಷೆಯನ್ನು ವಿಧಿಸುವುದಿತ್ತು. ರಾಮಾಯಣದ ಶೂರ್ಪಣಖಿಯ ಪ್ರಸಂಗವನ್ನು ಅರಿಯದ ಕನ್ನಡಿಗರಿಲ್ಲ.

ಈ ಶಿಕ್ಷೆಯ ಉದ್ದೇಶ ಪ್ರಾಣ ತೆಗೆಯುವುದಲ್ಲ, ಮಾನ ತೆಗೆಯುವುದು. ಕೈ ಕತ್ತರಿಸಿದರೆ ದುಡಿಮೆ ನಿಲ್ಲುತ್ತದೆ. ಮೂಗು ಕತ್ತರಿಸಿದರೆ ಅಪಮಾನವನ್ನು ಮುಖದ ಮೇಲೆಯೇ ಹೊತ್ತು ತಿರುಗಬೇಕಾಗುತ್ತದೆ. ದೇಹದ ದೃಷ್ಟಿಯಿಂದಲೂ ನಷ್ಟ ಸಣ್ಣದಲ್ಲ. ಮೂಗಿನ ಒಳಭಾಗವು ಉಸಿರಿನ ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳನ್ನು ತಡೆದು ಒಳಕ್ಕೆ ಬಿಡುತ್ತದೆ. ಹೊರಗಿನ ಹೊದಿಕೆ ಹೋದರೆ ಒಳಪೊರೆ ಒಣಗಿ ಹಕ್ಕಳೆಗಟ್ಟುತ್ತದೆ. ಮಾತಿನ ಧ್ವನಿಯೂ ಬದಲಾಗುತ್ತದೆ. ಈ ಸ್ಥಿತಿಯಲ್ಲಿ ಕಾವಸ್‌ಜಿ ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಬದುಕಿದನು.

ಪುಣೆಯ ಶಸ್ತ್ರಚಿಕಿತ್ಸೆ

1793ರಲ್ಲಿ ಪುಣೆಯ ಸಮೀಪ ಕಾವಸ್‌ಜಿಗೆ ಹೊಸ ಮೂಗನ್ನು ಮಾಡಲಾಯಿತು. ಮಾಡಿದವನು ಇಟ್ಟಿಗೆ ಮಾಡುವ ಜಾತಿಯವನೆಂದು ವರದಿ ಹೇಳುತ್ತದೆ. ನಂತರದ ಲೇಖಕರು ಆತನನ್ನು ಸಾಮಾನ್ಯವಾಗಿ ಕುಂಬಾರನೆಂದು ಕರೆದಿದ್ದಾರೆ. ಮುಂಬಯಿ ಪ್ರೆಸಿಡೆನ್ಸಿಯ ವೈದ್ಯರಾದ ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ ಇಂತಹ ಚಿಕಿತ್ಸೆಯನ್ನು ಕಣ್ಣಾರೆ ಕಂಡವರು. ಫಿಂಡ್ಲೆಯ ಹೆಸರು ಪತ್ರಿಕೆಯಲ್ಲಿ ಟ್ರಿಂಡ್ಲೆ ಎಂದು ಅಚ್ಚಾಗಿದೆ. ಭಾರತದಲ್ಲಿ ಇದು ಅಪರೂಪವಲ್ಲ, ಬಹು ಹಿಂದಿನಿಂದ ನಡೆದುಬಂದದ್ದು ಎಂದೂ ವರದಿ ತಿಳಿಸುತ್ತದೆ.

ಚಿಕಿತ್ಸೆಯ ಕ್ರಮ ಹೀಗಿತ್ತು. ಮೊದಲು ತೆಳುವಾದ ಮೇಣದ ಹಾಳೆಯನ್ನು ಉಳಿದಿದ್ದ ಮೂಗಿನ ಬುಡದ ಮೇಲಿಟ್ಟು ಒಳ್ಳೆಯ ಮೂಗಿನ ಆಕಾರ ಬರುವಂತೆ ತಿದ್ದಲಾಗುತ್ತಿತ್ತು. ಬಳಿಕ ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಅದರ ಸುತ್ತ ಗೆರೆ ಎಳೆಯುತ್ತಿದ್ದರು. ಉಬ್ಬಿದ ಮೂಗಿಗೆ ಎಷ್ಟು ಚರ್ಮ ಬೇಕೆಂಬ ಲೆಕ್ಕ ಇದರಿಂದ ದೊರೆಯುತ್ತಿತ್ತು. ಗೆರೆಯ ಗುಂಟ ಕತ್ತರಿಸಿ ಹಣೆಯ ಚರ್ಮವನ್ನು ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ಕತ್ತರಿಸದೆ ಬಿಡುತ್ತಿದ್ದರು. ಎಲೆಗೆ ತೊಟ್ಟು ಇರುವಂತೆ, ಬಿಡಿಸಿದ ಚರ್ಮ ಈ ಪಟ್ಟಿಯ ಮೂಲಕ ಮುಖಕ್ಕೆ ಅಂಟಿಕೊಂಡಿರುತ್ತಿತ್ತು. ಹೊಸ ಭಾಗವು ಕೂಡಿಕೊಳ್ಳುವವರೆಗೆ ರಕ್ತಸಂಚಾರವನ್ನು ಕಾಪಾಡುವುದು ಈ ಪಟ್ಟಿಯ ಕೆಲಸವೆಂದು ವರದಿಗಾರ ಸ್ಪಷ್ಟವಾಗಿ ಗುರುತಿಸಿದ್ದಾನೆ.

ಆಮೇಲೆ ಮೂಗಿನ ಬುಡದಲ್ಲಿ ಮಾಯ್ದು ಗಟ್ಟಿಯಾಗಿದ್ದ ಕಲೆಯನ್ನು ಹೆರೆದು ತೆಗೆಯಲಾಗುತ್ತಿತ್ತು. ಅದರ ಹಿಂಬದಿಯಲ್ಲಿ, ಹೊಳ್ಳೆಗಳ ಸುತ್ತ ಹಾದು ಮೇಲ್ತುಟಿಯ ಮೇಲೆ ಸಾಗುವಂತೆ ಒಂದು ಸೀಳನ್ನು ಮಾಡುತ್ತಿದ್ದರು. ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಕ್ಕೆ ತಂದು ಅದರ ಅಂಚನ್ನು ಈ ಸೀಳಿನೊಳಗೆ ಸೇರಿಸಿದಾಗ ಹೊಳ್ಳೆಗಳೂ ನಡುಗೋಡೆಯೂ ಕೂಡಿದ ಮೂಗಿನ ರೂಪ ಮೂಡುತ್ತಿತ್ತು. ಕೂಡಿಸಿದ ಜಾಗ ಅಲುಗದಂತೆ, ನೀರಿನಲ್ಲಿ ಮೆತ್ತಗೆ ಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ, ಅಂತಹ ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸುತ್ತಿದ್ದರು. ವೀಳ್ಯದೆಲೆಯೊಂದಿಗೆ ಬಳಸುವ ಕಾಚು ಇದೇ.

ನಾಲ್ಕು ದಿನ ಬೇರಾವ ಔಷಧವನ್ನೂ ಹಚ್ಚುತ್ತಿರಲಿಲ್ಲ. ನಂತರ ಕಾಚಿನ ಪಟ್ಟಿಗಳನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನು ಹಾಕುತ್ತಿದ್ದರು. ರೋಗಿ ಐದಾರು ದಿನ ಅಂಗಾತ ಮಲಗಿರಬೇಕಾಗಿತ್ತು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೃದುವಾದ ಬಟ್ಟೆಯ ತುಣುಕುಗಳನ್ನು ಒಳಗಿಡುತ್ತಿದ್ದರು. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವಿನ ತೊಟ್ಟನ್ನು ಕತ್ತರಿಸಿ ಆಕಾರವನ್ನು ಇನ್ನಷ್ಟು ತಿದ್ದಲಾಗುತ್ತಿತ್ತು. ಅರಿವಳಿಕೆಯ ಈಥರ್ ಬಳಕೆಗೆ ಬಂದದ್ದು 1846ರಲ್ಲಿ. ಆದ್ದರಿಂದ ಈ ಎಲ್ಲವನ್ನೂ ರೋಗಿ ಎಚ್ಚರದಲ್ಲಿದ್ದುಕೊಂಡೇ ಸಹಿಸಬೇಕಾಗಿತ್ತು.

ಚರ್ಮದ ರಚನೆ ಮತ್ತು ಕಾರ್ಯ

ಈ ಚಿಕಿತ್ಸೆ ಏಕೆ ಫಲಿಸಿತು ಎಂಬುದನ್ನು ಅರಿಯಲು ಚರ್ಮದ ರಚನೆಯನ್ನು ತಿಳಿದಿರಬೇಕು. ವಯಸ್ಕ ಮನುಷ್ಯನ ಚರ್ಮವನ್ನು ಬಿಡಿಸಿ ಹರಡಿದರೆ ಸುಮಾರು 1.5ರಿಂದ 2 ಚದರ ಮೀಟರ್ ಆಗುತ್ತದೆ. ಅದು ಹೊರಚರ್ಮ, ಒಳಚರ್ಮ ಎಂಬ ಎರಡು ಪದರಗಳಿಂದ ಕೂಡಿದ್ದು, ಅವುಗಳ ಅಡಿಯಲ್ಲಿ ಕೊಬ್ಬಿನ ಪದರವಿರುತ್ತದೆ.

ಹೊರಚರ್ಮವು ಬಹಳ ತೆಳು. ಕಣ್ಣಿನ ರೆಪ್ಪೆಯಲ್ಲಿ ಅದರ ದಪ್ಪ ಸುಮಾರು 0.05 ಮಿಲಿಮೀಟರ್, ಅಂಗಾಲಿನಲ್ಲಿ ಸುಮಾರು 1.5 ಮಿಲಿಮೀಟರ್. ಅದರ ತಳದಲ್ಲಿ ಜೀವಕೋಶಗಳು ನಿರಂತರವಾಗಿ ವಿಭಜನೆಗೊಂಡು ಮೇಲಕ್ಕೆ ಸರಿಯುತ್ತವೆ. ಸರಿಯುತ್ತಾ ಕೆರಾಟಿನ್ ಎಂಬ ಗಡುಸಾದ ಪ್ರೋಟೀನಿನಿಂದ ತುಂಬಿ, ಸತ್ತು, ಚಪ್ಪಟೆಯಾಗಿ ಸುಮಾರು ನಾಲ್ಕು ವಾರಗಳಲ್ಲಿ ಉದುರುತ್ತವೆ. ಸ್ನಾನದಲ್ಲಿ ಮೈ ತಿಕ್ಕುವಾಗ ಹೊರಬರುವ ಕೊಳೆಯಲ್ಲಿ ಈ ಸತ್ತ ಕೋಶಗಳ ಪಾಲು ದೊಡ್ಡದು. ತಳದಲ್ಲಿಯೇ ಇರುವ ಮತ್ತೊಂದು ಬಗೆಯ ಕೋಶಗಳು ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸಿ ಬಿಸಿಲಿನ ಅತಿನೇರಳೆ ಕಿರಣಗಳಿಂದ ರಕ್ಷಣೆ ಒದಗಿಸುತ್ತವೆ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ. ಬೇಕಾದ ಆಹಾರವೂ ಆಮ್ಲಜನಕವೂ ಅದಕ್ಕೆ ಕೆಳಗಿನ ಒಳಚರ್ಮದಿಂದ ಒಸರಿ ಬರಬೇಕು.

ಒಳಚರ್ಮವು ಕೊಲಾಜನ್ ಮತ್ತು ಇಲಾಸ್ಟಿನ್ ನಾರುಗಳಿಂದ ಹೆಣೆದ ಬಲವಾದ ಜಾಲ. ಚರ್ಮಕ್ಕೆ ಬಿಗಿಯನ್ನೂ ಹಿಗ್ಗುವ ಗುಣವನ್ನೂ ಕೊಡುವುದು ಇದೇ. ರಕ್ತನಾಳಗಳು, ನರತುದಿಗಳು, ರೋಮಕೂಪಗಳು, ಬೆವರುಗ್ರಂಥಿಗಳು ಮತ್ತು ಎಣ್ಣೆಯನ್ನು ಸ್ರವಿಸುವ ಗ್ರಂಥಿಗಳು ಈ ಭಾಗದಲ್ಲಿವೆ. ಕೆಲವು ರೋಮಕೂಪಗಳ ಮತ್ತು ಬೆವರುಗ್ರಂಥಿಗಳ ಬುಡ ಕೊಬ್ಬಿನ ಪದರದವರೆಗೂ ಇಳಿದಿರುತ್ತದೆ. ಕೂದಲು ಮತ್ತು ಉಗುರು ಹೊರಚರ್ಮದಿಂದಲೇ ಹುಟ್ಟಿದ ಕೆರಾಟಿನಿನ ರಚನೆಗಳು. ಹೆಚ್ಚಿನ ಕೂದಲುಗಳ ಬುಡಕ್ಕೆ ಸಣ್ಣ ಸ್ನಾಯುವೊಂದು ಅಂಟಿಕೊಂಡಿದ್ದು, ಚಳಿಯಾದಾಗ ಅಥವಾ ಹೆದರಿದಾಗ ಅದು ಸೆಟೆದು ಮೈ ಜುಮ್ಮೆನ್ನುತ್ತದೆ. ದೇಹದಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರುಗ್ರಂಥಿಗಳಿವೆ. ಬೆವರು ಆವಿಯಾಗುವಾಗ ಮೈಯ ಶಾಖವನ್ನು ಒಯ್ಯುತ್ತದೆ. ಸೆಕೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ಶಾಖವನ್ನು ಹೊರಕ್ಕೆ ಬಿಡುತ್ತವೆ. ಚಳಿಯಲ್ಲಿ ಕುಗ್ಗಿ ಉಳಿಸಿಕೊಳ್ಳುತ್ತವೆ. ನರತುದಿಗಳು ಸ್ಪರ್ಶ, ಒತ್ತಡ, ಬಿಸಿ, ತಂಪು ಮತ್ತು ನೋವನ್ನು ಮಿದುಳಿಗೆ ತಿಳಿಸುತ್ತವೆ. ಬಿಸಿಲಿನ ನೆರವಿನಿಂದ ಡಿ ಜೀವಸತ್ವದ ತಯಾರಿಯೂ ಚರ್ಮದಲ್ಲಿ ಆರಂಭವಾಗುತ್ತದೆ.

ಚಿಕಿತ್ಸೆ ಫಲಿಸಿದ ಕಾರಣಗಳು

ತೊಟ್ಟಿನ ಮಹತ್ವ. ಮೂಗಿನಷ್ಟು ದೊಡ್ಡ, ಪೂರ್ಣ ದಪ್ಪದ ಚರ್ಮದ ತುಂಡನ್ನು ದೇಹದಿಂದ ಸಂಪೂರ್ಣವಾಗಿ ಬೇರ್ಪಡಿಸಿದರೆ ಅದಕ್ಕೆ ರಕ್ತ ದೊರೆಯದೆ ಕಪ್ಪಾಗಿ ಸಾಯುವ ಸಂಭವ ಹೆಚ್ಚು. ಹಣೆಯ ನಡುಭಾಗಕ್ಕೆ ರಕ್ತವನ್ನು ಒಯ್ಯುವ ಅಪಧಮನಿಗಳು ಕಣ್ಣುಗುಳಿಯ ಒಳಮೂಲೆಯಿಂದ ಹೊರಟು ಹುಬ್ಬುಗಳ ನಡುವಿನಿಂದ ಮೇಲಕ್ಕೆ ಏರುತ್ತವೆ. ಕಾವಸ್‌ಜಿಯ ಹಣೆಯಲ್ಲಿ ಕತ್ತರಿಸದೆ ಬಿಟ್ಟ ಪಟ್ಟಿ ಸರಿಯಾಗಿ ಅದೇ ದಾರಿಯ ಮೇಲಿತ್ತು. ಅಂಗರಚನಾಶಾಸ್ತ್ರದ ಪುಸ್ತಕವನ್ನು ಓದದ ಕುಶಲಕರ್ಮಿ ತಲೆಮಾರುಗಳ ಅನುಭವದಿಂದ ಈ ಸ್ಥಳವನ್ನು ತಿಳಿದಿದ್ದನು. ತೊಟ್ಟನ್ನು ಅತಿಯಾಗಿ ತಿರುಚಿದರೆ ರಕ್ತ ಹಿಂದಿರುಗುವ ಅಭಿಧಮನಿಗಳು ಮಡಚಿಕೊಂಡು ಚರ್ಮ ನೀಲಿಗಟ್ಟುತ್ತದೆ. ರೋಗಿಯನ್ನು ಅಲುಗಾಡದಂತೆ ಅಂಗಾತ ಮಲಗಿಸುತ್ತಿದ್ದುದರಿಂದ ತೊಟ್ಟಿನ ಮೇಲಿನ ಎಳೆತ ಕಡಿಮೆಯಾಗುತ್ತಿತ್ತು.

ಹಳೆಯ ಕಲೆಯನ್ನು ಹೆರೆದದ್ದು. ಹೊರಚರ್ಮ ಮುಚ್ಚಿರುವ ಎರಡು ಮೈಗಳು ಎಷ್ಟು ಕಾಲ ತಾಗಿಕೊಂಡಿದ್ದರೂ ಒಂದಾಗುವುದಿಲ್ಲ. ಮುಚ್ಚಿದ ಬೆರಳುಗಳು ಅಂಟಿಕೊಳ್ಳದಿರುವುದೇ ಇದಕ್ಕೆ ಸಾಕ್ಷಿ. ಹಸಿ ಗಾಯಕ್ಕೆ ಹಸಿ ಗಾಯ ತಾಗಿದಾಗ ಮಾತ್ರ ಕೂಡಿಕೆ ಸಾಧ್ಯ. ಮಾವಿನ ಕಸಿ ಕಟ್ಟುವವರು ಎರಡೂ ಕಡೆಯ ಸಿಪ್ಪೆಯನ್ನು ಹೆರೆಯುವುದೂ ಇದೇ ತತ್ತ್ವದಿಂದ.

ಇಪ್ಪತ್ತೈದು ದಿನಗಳು. ಗಾಯವಾದ ಕೂಡಲೇ ರಕ್ತ ಹೆಪ್ಪುಗಟ್ಟಿ ಅಂಚುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತದೆ. ಮುಂದಿನ ದಿನಗಳಲ್ಲಿ ಬಿಳಿ ರಕ್ತಕಣಗಳು ಬಂದು ಕ್ರಿಮಿಗಳನ್ನೂ ಸತ್ತ ಅಂಶಗಳನ್ನೂ ತೆಗೆದುಹಾಕುತ್ತವೆ. ಬಳಿಕ ಹೊಸ ಕೊಲಾಜನ್ ಹುಟ್ಟುತ್ತದೆ. ಸೂಕ್ಷ್ಮ ರಕ್ತನಾಳಗಳು ಮೂಗಿನ ಬುಡದಿಂದ ಹೊಸ ಚರ್ಮದೊಳಕ್ಕೆ ಬೆಳೆಯುತ್ತವೆ. ಸುಮಾರು ಮೂರು ವಾರಗಳಲ್ಲಿ ಈ ಹೊಸ ನಾಳಗಳೇ ಚರ್ಮವನ್ನು ಪೋಷಿಸಬಲ್ಲವು. ಆ ಮೇಲೆ ತೊಟ್ಟನ್ನು ಕತ್ತರಿಸಿದರೆ ಅಪಾಯವಿಲ್ಲ. ಇಂದಿನ ಶಸ್ತ್ರವೈದ್ಯರೂ ಹಣೆಯ ಚರ್ಮದ ತೊಟ್ಟನ್ನು ಸಾಮಾನ್ಯವಾಗಿ ಮೂರು ವಾರಗಳ ನಂತರವೇ ಕತ್ತರಿಸುತ್ತಾರೆ.

ಕಾಚು ಮತ್ತು ತುಪ್ಪ. ಕಗ್ಗಲಿ ಮರದ ಚೇಗನ್ನು ಕುದಿಸಿ ತೆಗೆಯುವ ಕಾಚಿನಲ್ಲಿ ಒಗರು ಅಂಶವಾದ ಟ್ಯಾನಿನ್ ಹೇರಳವಾಗಿದೆ. ಅದು ಗಾಯದ ಮೇಲ್ಮೈಯ ಪ್ರೋಟೀನನ್ನು ಬಿಗಿಗೊಳಿಸಿ ಸಣ್ಣ ಒಸರುವಿಕೆಯನ್ನು ತಡೆಯುತ್ತದೆ. ಒಣಗಿದಾಗ ಬಟ್ಟೆ ಗಟ್ಟಿಯಾಗಿ, ಹೊಲಿಗೆಯಿಲ್ಲದೆಯೇ ಅಂಚುಗಳನ್ನು ಹಿಡಿದಿಡುತ್ತದೆ. ಕೂಡಿಕೆ ಆರಂಭವಾದ ಮೇಲೆ ಬಳಸುವ ತುಪ್ಪದ ಬಟ್ಟೆ ಗಾಯಕ್ಕೆ ಅಂಟಿಕೊಳ್ಳುವುದಿಲ್ಲ. ಬದಲಾಯಿಸುವಾಗ ಎಳೆಯ ಚರ್ಮ ಕಿತ್ತುಬರುವುದಿಲ್ಲ.

ಹಣೆಯ ಆಯ್ಕೆ. ಹಣೆಯ ಚರ್ಮ ಬಣ್ಣ, ದಪ್ಪ ಮತ್ತು ಎಣ್ಣೆಯಂಶದಲ್ಲಿ ಮೂಗಿನ ಚರ್ಮವನ್ನು ಹೋಲುತ್ತದೆ. ಸಂಪೂರ್ಣ ದಪ್ಪದ ಚರ್ಮ ಕೆಳಗೆ ಬರುವುದರಿಂದ ಬೆವರುಗ್ರಂಥಿ, ಎಣ್ಣೆಗ್ರಂಥಿ, ರೋಮಕೂಪಗಳೂ ಜೊತೆಯಲ್ಲಿಯೇ ಬರುತ್ತವೆ. ಆಳವಾದ ಗಾಯ ತಾನಾಗಿ ಮಾಯ್ದಾಗ ಉಂಟಾಗುವ ಕಲೆಯಲ್ಲಿ ಇವು ಯಾವುವೂ ಮತ್ತೆ ಹುಟ್ಟುವುದಿಲ್ಲ. ಹೊಸ ಮೂಗಿನಲ್ಲಿ ಸ್ಪರ್ಶಜ್ಞಾನಕ್ಕೂ ವಿಶೇಷವಿದೆ: ತೊಟ್ಟು ಇರುವವರೆಗೆ ಮೂಗನ್ನು ಮುಟ್ಟಿದರೆ ಹಣೆಯನ್ನು ಮುಟ್ಟಿದಂತೆಯೇ ರೋಗಿಗೆ ಭಾಸವಾಗುತ್ತದೆ. ಚರ್ಮ ಸ್ಥಳ ಬದಲಿಸಿದರೂ ಅದರ ನರಗಳು ಮಿದುಳಿನಲ್ಲಿ ಹಳೆಯ ವಿಳಾಸಕ್ಕೇ ಸುದ್ದಿ ಮುಟ್ಟಿಸುತ್ತಿರುತ್ತವೆ.

ಮಿತಿಗಳು. ಈ ಮೂಗಿನೊಳಗೆ ಮೃದ್ವಸ್ಥಿಯ ಆಧಾರವಾಗಲಿ ಒಳಪೊರೆಯ ಹೊದಿಕೆಯಾಗಲಿ ಇರುತ್ತಿರಲಿಲ್ಲ. ಒಳಗಿನ ಹಸಿ ಮೈ ಮಾಯುವಾಗ ಕಲೆಯು ಕುಗ್ಗಿ ಮೂಗು ಕಿರಿದಾಗುವ, ಹೊಳ್ಳೆಗಳು ಮುಚ್ಚುವ ಸಾಧ್ಯತೆಯಿತ್ತು. ಹೊಳ್ಳೆಗಳಲ್ಲಿ ಬಟ್ಟೆ ಇಡುತ್ತಿದ್ದುದು ಈ ಕಾರಣಕ್ಕಾಗಿ. ಕಾವಸ್‌ಜಿಯ ಕೈಗೆ ಮಾತ್ರ ಯಾವ ಪರಿಹಾರವೂ ಇರಲಿಲ್ಲ. ಚರ್ಮವನ್ನು ಸರಿಸಿ ಮುಖದ ರೂಪವನ್ನು ಮರಳಿ ಪಡೆಯಬಹುದಾಗಿತ್ತು. ಮೂಳೆ, ಸ್ನಾಯು, ನರಗಳಿಂದ ಕೂಡಿದ ಹಸ್ತವನ್ನು ಹಾಗೆ ಪಡೆಯಲು ಸಾಧ್ಯವಿರಲಿಲ್ಲ.

ಪ್ರಾಚೀನ ಪರಂಪರೆ

ಕತ್ತರಿಸಿದ ಮೂಗನ್ನು ಸರಿಪಡಿಸುವ ವಿಧಾನವು ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿದೆ. ಮೂಗಿನ ಅಳತೆಗೆ ಸರಿಯಾದ ಎಲೆಯನ್ನು ತೆಗೆದುಕೊಂಡು, ಅದರ ಪ್ರಮಾಣದಲ್ಲಿ ಕೆನ್ನೆಯ ಚರ್ಮವನ್ನು ಬಿಡಿಸಿ, ಹೆರೆದ ಮೂಗಿನ ಬುಡಕ್ಕೆ ಕೂಡಿಸಬೇಕೆಂದು ಅಲ್ಲಿ ವಿವರಿಸಲಾಗಿದೆ. ಉಸಿರಾಟಕ್ಕಾಗಿ ಎರಡು ನಾಳಗಳನ್ನು ಇರಿಸುವ ಕ್ರಮವೂ ಇದೆ. ಸುಶ್ರುತದಲ್ಲಿ ಕೆನ್ನೆಯ ಚರ್ಮವಿದ್ದರೆ ಪುಣೆಯಲ್ಲಿ ಹಣೆಯ ಚರ್ಮ. ಅಲ್ಲಿ ಎಲೆಯಿದ್ದರೆ ಇಲ್ಲಿ ಮೇಣ. ಅಳತೆ, ಹೆರೆಯುವಿಕೆ, ಕೂಡಿಕೆ ಎಂಬ ಮೂರು ಹಂತಗಳು ಎರಡರಲ್ಲಿಯೂ ಸಮಾನ.

ಅದೇ ಗ್ರಂಥದ ಶಾರೀರಸ್ಥಾನವು ಚರ್ಮಕ್ಕೆ ಅವಭಾಸಿನಿ, ಲೋಹಿತಾ, ಶ್ವೇತಾ, ತಾಮ್ರಾ, ವೇದಿನಿ, ರೋಹಿಣಿ, ಮಾಂಸಧರಾ ಎಂಬ ಏಳು ಪದರಗಳನ್ನು ಹೇಳಿ, ಯಾವ ರೋಗ ಯಾವ ಪದರದಲ್ಲಿ ನೆಲೆಸುತ್ತದೆ ಎಂಬುದನ್ನೂ ಸೂಚಿಸುತ್ತದೆ. ಇಂದಿನ ಸೂಕ್ಷ್ಮದರ್ಶಕದ ವಿಭಾಗಗಳಿಗೆ ಇವು ಒಂದಕ್ಕೊಂದು ಹೊಂದುವುದಿಲ್ಲವಾದರೂ ಚರ್ಮ ಒಂದೇ ಹಾಳೆಯಲ್ಲ, ಪದರಗಳ ಸಮೂಹ ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿದೆ. ಕಾಲಕ್ರಮದಲ್ಲಿ ಶಸ್ತ್ರಚಿಕಿತ್ಸೆಯು ಶಾಸ್ತ್ರಗ್ರಂಥ ಓದುವ ವೈದ್ಯರ ಕೈಯಿಂದ ಕುಶಲಕರ್ಮಿ ಮನೆತನಗಳ ಕೈಗೆ ಸರಿಯಿತು. ಹಿಮಾಲಯದ ಕಾಂಗ್ಡಾದಲ್ಲಿಯೂ ಮೂಗನ್ನು ಸರಿಪಡಿಸುವ ಇಂತಹ ಮನೆತನಗಳು ಪ್ರಸಿದ್ಧವಾಗಿದ್ದವು.

ಭಾವಚಿತ್ರ ಮತ್ತು ಲಂಡನ್ ವರದಿ

ಸ್ಕಾಟ್ಲೆಂಡಿನ ಚಿತ್ರಕಾರ ಜೇಮ್ಸ್ ವೇಲ್ಸ್ ಆಗ ಪುಣೆಯಲ್ಲಿ ಪೇಶ್ವೆ ಸವಾಯಿ ಮಾಧವರಾವ್ ಮತ್ತು ನಾನಾ ಫಡ್ನವೀಸರ ಚಿತ್ರಗಳನ್ನು ಬರೆಯುತ್ತಿದ್ದನು. ಚಿಕಿತ್ಸೆಯಾದ ಸುಮಾರು ಹತ್ತು ತಿಂಗಳ ನಂತರ, 1794ರ ಆರಂಭದಲ್ಲಿ ಅವನು ಕಾವಸ್‌ಜಿಯ ಭಾವಚಿತ್ರವನ್ನೂ ರಚಿಸಿದನು. ಪೇಶ್ವೆಯನ್ನು ಚಿತ್ರಿಸಿದ ಕೈಯೇ ಬಂಡಿಗಾರನನ್ನೂ ಚಿತ್ರಿಸಿತು. ಅದನ್ನು ಆಧರಿಸಿದ ಅಚ್ಚುಚಿತ್ರದಲ್ಲಿ ರುಮಾಲು ಸುತ್ತಿದ ಕಾವಸ್‌ಜಿಯ ಮುಖ, ಹಣೆಯ ಮೇಲಿನ ಗಾಯದ ಗುರುತು ಮತ್ತು ಹೊಸ ಮೂಗು ಕಾಣುತ್ತವೆ. ಪಕ್ಕದಲ್ಲಿ ಮೇಣದ ಹಾಳೆಯ ಆಕಾರವನ್ನೂ ಚರ್ಮ ಕತ್ತರಿಸುವ ಗೆರೆಗಳನ್ನೂ ತೋರಿಸಲಾಗಿದೆ.

ಈ ಚಿತ್ರದೊಂದಿಗೆ ಬಿ. ಎಲ್. ಎಂಬ ಅಕ್ಷರಗಳ ಸಹಿಯುಳ್ಳ ಪತ್ರವು 1794ರ ಅಕ್ಟೋಬರ್ ಸಂಚಿಕೆಯಲ್ಲಿ ಪ್ರಕಟವಾಯಿತು. ಹೊಸ ಮೂಗು ಭದ್ರವಾಗಿದೆ, ಸಹಜ ಮೂಗಿನಂತೆಯೇ ಕಾಣುತ್ತದೆ, ಕಾಲ ಕಳೆದಂತೆ ಹಣೆಯ ಕಲೆಯೂ ಅಷ್ಟಾಗಿ ಎದ್ದು ತೋರುವುದಿಲ್ಲ ಎಂಬುದು ಅದರ ಸಾರಾಂಶ.

ಯುರೋಪಿನ ಮೇಲೆ ಪ್ರಭಾವ

ಯುರೋಪಿಗೆ ಮೂಗಿನ ಪುನಾರಚನೆ ಸಂಪೂರ್ಣವಾಗಿ ಹೊಸದಾಗಿರಲಿಲ್ಲ. ಇಟಲಿಯ ಬೊಲೊನ್ಯಾದ ಗಾಸ್ಪಾರೆ ತಾಲ್ಯಾಕೋತ್ಸಿ 1597ರಲ್ಲಿ ತೋಳಿನ ಚರ್ಮದಿಂದ ಮೂಗು ಮಾಡುವ ವಿಧಾನದ ಗ್ರಂಥವನ್ನು ಪ್ರಕಟಿಸಿದ್ದನು. ಅದರಲ್ಲಿ ರೋಗಿಯ ತೋಳನ್ನು ವಾರಗಟ್ಟಲೆ ಮುಖಕ್ಕೆ ಬಿಗಿದು ಕಟ್ಟಬೇಕಾಗಿತ್ತು. ಆತನ ನಂತರ ಆ ವಿಧಾನ ಬಳಕೆಯಿಂದ ಮರೆಯಾಯಿತು.

ಕಾವಸ್‌ಜಿಯ ವರದಿ ಈ ವಿಷಯಕ್ಕೆ ಮರುಜೀವ ನೀಡಿತು. ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ (1764–1846) ಭಾರತದಿಂದ ಮರಳಿದವರನ್ನು ವಿಚಾರಿಸಿ, ಶವಗಳ ಮೇಲೆ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಒಬ್ಬ ಸೈನ್ಯಾಧಿಕಾರಿಗೆ ಹಣೆಯ ಚರ್ಮದಿಂದ ಮೂಗನ್ನು ಮಾಡಿದನು. ಎರಡು ಯಶಸ್ವಿ ಪ್ರಕರಣಗಳ ವಿವರವನ್ನು 1816ರಲ್ಲಿ ಪುಸ್ತಕವಾಗಿ ಹೊರತಂದನು. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫೆ 1818ರಲ್ಲಿ ರೈನೋಪ್ಲಾಸ್ಟಿಕ್ ಎಂಬ ಗ್ರಂಥವನ್ನು ಬರೆದನು. ಪ್ಲಾಸ್ಟಿಕ್ ಎಂಬ ಪದವು ಗ್ರೀಕ್ ಭಾಷೆಯಲ್ಲಿ ಜೇಡಿಮಣ್ಣಿನಂತಹ ವಸ್ತುವಿಗೆ ಆಕಾರ ಕೊಡುವುದನ್ನು ಸೂಚಿಸುತ್ತದೆ. ಮಣ್ಣಿನ ಕೆಲಸದ ಜಾತಿಯವನೊಬ್ಬ ಮಾಡಿದ ಚಿಕಿತ್ಸೆಗೆ ಈ ಹೆಸರು ಒಪ್ಪುವಂತಹುದೇ ಆಗಿದೆ. ಚರ್ಮವನ್ನು ಸಂಪೂರ್ಣವಾಗಿ ಬೇರ್ಪಡಿಸಿ ಕಸಿ ಮಾಡುವ ವಿಧಾನವು ವೈದ್ಯಲೋಕದಲ್ಲಿ ವ್ಯಾಪಕವಾಗಿ ಹರಡಿದ್ದು 1869ರಲ್ಲಿ ಜಾಕ್ ಲೂಯಿ ರೆವೆರ್ದಾಂ ಮಾಡಿದ ಪ್ರಯೋಗದ ನಂತರ. ಹಣೆಯ ಚರ್ಮದಿಂದ ಮೂಗನ್ನು ಕಟ್ಟುವ ವಿಧಾನವು ಸುಧಾರಿತ ರೂಪದಲ್ಲಿ, ಮೃದ್ವಸ್ಥಿ ಮತ್ತು ಒಳಪೊರೆಯ ಜೋಡಣೆಯೊಂದಿಗೆ, ಕ್ಯಾನ್ಸರ್ ಮತ್ತು ಅಪಘಾತದಲ್ಲಿ ಮೂಗು ಕಳೆದುಕೊಂಡವರಿಗೆ ಇಂದಿಗೂ ನಡೆಯುತ್ತಿದೆ.

ನಂತರದ ಜೀವನ ಮತ್ತು ಸ್ಮರಣೆ

ವರದಿ ಬರೆಯುವ ಹೊತ್ತಿಗೆ ಕಾವಸ್‌ಜಿ ಈಸ್ಟ್ ಇಂಡಿಯಾ ಕಂಪನಿಯಿಂದ ಪಿಂಚಣಿ ಪಡೆಯುತ್ತಿದ್ದನು. ಒಂದು ಕೈ ಇಲ್ಲದವನಿಗೆ ಬಂಡಿ ಹೊಡೆಯುವ ಕೆಲಸ ಕಷ್ಟವಾಗಿದ್ದುದರಿಂದ ಈ ಪಿಂಚಣಿಯೇ ಜೀವನಕ್ಕೆ ಆಧಾರವಾಗಿತ್ತೆಂದು ಊಹಿಸಬಹುದು.

ಮೈಸೂರು ಯುದ್ಧಗಳ ಚರಿತ್ರೆಯಲ್ಲಿ ಸೇನಾನಿಗಳ ಹೆಸರುಗಳು ತುಂಬಿವೆ. ಸರಕು ಸಾಗಿಸಿದ ಸಾವಿರಾರು ಬಂಡಿಗಾರರ ನಡುವೆ ಕಾವಸ್‌ಜಿಯ ಹೆಸರು ಉಳಿದದ್ದು ಆತನಿಗಾದ ಗಾಯದಿಂದ ಮತ್ತು ಆ ಗಾಯ ಮಾಯ್ದ ರೀತಿಯಿಂದ. ಚಿಕಿತ್ಸೆ ಪಡೆದವನ ಹೆಸರೂ, ಅದನ್ನು ನೋಡಿದ ಇಬ್ಬರು ವೈದ್ಯರ ಹೆಸರೂ ಪತ್ರಿಕೆಯಲ್ಲಿ ಅಚ್ಚಾದವು. ಚಿಕಿತ್ಸೆ ಮಾಡಿದವನನ್ನು ಮಾತ್ರ ಅವನ ಜಾತಿಯಿಂದ ಗುರುತಿಸಿ, ಹೆಸರನ್ನು ಬಿಡಲಾಯಿತು. ಪ್ಲಾಸ್ಟಿಕ್ ಸರ್ಜರಿಯ ಪಠ್ಯಗಳಲ್ಲಿ ಕಾವಸ್‌ಜಿಯ ಚಿತ್ರ ಇಂದಿಗೂ ಮರುಮುದ್ರಣಗೊಳ್ಳುತ್ತಿದ್ದು, ಪುಣೆಯ ಆ ಕುಶಲಕರ್ಮಿಯ ಕೆಲಸಕ್ಕೆ ಆ ಮುಖವೇ ದಾಖಲೆಯಾಗಿ ಉಳಿದಿದೆ.